ಡಬ್ಬದ ಮೇಲೆ ಲಿನಕ್ಸ್, ಅಪ್‌ಡೇಟ್ ಮಾತ್ರ ವಿಂಡೋಸ್‌ಗೆ: ಗ್ರಾಫಿಕ್ಸ್ ಕಾರ್ಡ್ ಕಂಪನಿಗೊಂದು ದೂರು ಪತ್ರ

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಎಎಂಡಿಯ ಆರ್‌ಎಕ್ಸ್ 9070 ಎಕ್ಸ್‌ಟಿ ಚಿಪ್ ಇರುವ ನಿಮ್ಮ ಗ್ರಾಫಿಕ್ಸ್ ಕಾರ್ಡ್‌ನ ಫ್ಯಾನ್ ದೋಷ, ಅದರ ವಿಬಯೋಸ್ (ಕಾರ್ಡ್‌ನ ಒಳಗಿರುವ ಮೂಲ ತಂತ್ರಾಂಶ) ಅಪ್‌ಡೇಟ್ ಲಿನಕ್ಸ್ ಬಳಕೆದಾರರಿಗೆ ಸಿಗದಿರುವುದು ಮತ್ತು ದೂರಿನ ಟಿಕೆಟ್ ಮುಚ್ಚಿರುವುದರ ಕುರಿತು.

ಮಾನ್ಯರೇ,

ಈ ಕಾರ್ಡ್‌ನ ಡಬ್ಬದ ಹಿಂಬದಿಯಲ್ಲಿ ‘ವಿಂಡೋಸ್ 10, ವಿಂಡೋಸ್ 11, ಲಿನಕ್ಸ್’ ಎಂದು ಅಚ್ಚಾಗಿದೆ. ಕಾರ್ಡ್‌ನ ಫ್ಯಾನ್ ನಿಯಂತ್ರಣದಲ್ಲಿ ದೋಷವಿದೆ. ದೋಷ ಇರುವುದನ್ನು ನೀವೂ ಒಪ್ಪಿಕೊಂಡು ಹೊಸ ವಿಬಯೋಸ್ ಬಿಟ್ಟಿದ್ದೀರಿ. ಆದರೆ ಅದು ವಿಂಡೋಸ್‌ನಲ್ಲಿ ಮಾತ್ರ ಓಡುವ ಪ್ರೋಗ್ರಾಂ. ಲಿನಕ್ಸ್‌ನಲ್ಲಿ ಹೇಗೆ ಹಾಕಿಕೊಳ್ಳಬೇಕು ಎಂದು ಕೇಳಿದ್ದಕ್ಕೆ, ವಿಂಡೋಸ್ ಇನ್‌ಸ್ಟಾಲ್ ಮಾಡಿ ಸ್ಟ್ರೆಸ್ ಟೆಸ್ಟ್‌ನ (ಕಾರ್ಡ್‌ಗೆ ಪೂರ್ತಿ ಭಾರ ಹಾಕುವ ಪರೀಕ್ಷೆಯ) ಸ್ಕ್ರೀನ್‌ಶಾಟ್ ಕಳಿಸಿ ಎಂಬ ಉತ್ತರ ಬಂತು. ಅದು ಸಾಧ್ಯವಿಲ್ಲ ಎಂದ ಮೇಲೆ, ‘ಲಿನಕ್ಸ್ ನಮ್ಮ ಬೆಂಬಲದ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಹೇಳಿ ಟಿಕೆಟ್ ಮುಚ್ಚಿದ್ದೀರಿ. ಡಬ್ಬದ ಮೇಲಿನ ಮಾತು ಹಾಗೂ ಸಹಾಯ ವಿಭಾಗದ ಮಾತು, ಇವೆರಡರಲ್ಲಿ ಕಂಪನಿಯ ಮಾತು ಯಾವುದು ಎಂದು ಮೊದಲು ತಿಳಿಸಿ.

‘ಡ್ರೈವರ್ ಸಮಸ್ಯೆ ಇರಬಹುದು’ ಎಂಬ ಉತ್ತರ ಮತ್ತೆ ಬರಬಾರದೆಂದು ಯಂತ್ರದ ಸ್ಥಿತಿಯನ್ನು ಇಲ್ಲೇ ಬರೆಯುತ್ತಿದ್ದೇನೆ. ಕರ್ನಲ್ (ಲಿನಕ್ಸ್‌ನ ತಿರುಳು) 6.14, ಮೆಸಾ (ಮುಕ್ತ ಗ್ರಾಫಿಕ್ಸ್ ಡ್ರೈವರ್‌ಗಳ ಕಟ್ಟು) 25.0, ಲಿನಕ್ಸ್ ಫರ್ಮ್‌ವೇರ್ (ಚಿಪ್ ಚಾಲೂ ಆಗಲು ಅದಕ್ಕೆ ತುಂಬುವ ಕಡತಗಳು) ಪ್ಯಾಕೇಜ್ 2025ರ ಮಾರ್ಚ್‌ನ ನಂತರದ್ದು. ಮದರ್‌ಬೋರ್ಡ್‌ನಲ್ಲಿ ‘ಅಬವ್ 4ಜಿ ಡಿಕೋಡಿಂಗ್’ ಮತ್ತು ‘ರಿಸೈಜಬಲ್ ಬಾರ್’ (ಕಾರ್ಡ್‌ನ ಪೂರ್ತಿ ಮೆಮೊರಿ ಸಿಪಿಯುಗೆ ಒಮ್ಮೆಲೇ ಸಿಗಲು ಬೇಕಾದ ಸೆಟ್ಟಿಂಗ್‌ಗಳು) ಎರಡೂ ಆನ್, ಸಿಎಸ್‌ಎಂ (ಹಳೆಯ ಬಯೋಸ್ ಶೈಲಿಯ ಬೂಟ್) ಆಫ್. ಕರ್ನಲ್ ಲಾಗ್‌ನಲ್ಲಿ ಬಾರ್ ಅಳತೆ 256 ಎಂಬಿ ಎಂದು ಬರದೆ ಪೂರ್ತಿ 16 ಜಿಬಿ ಎಂದೇ ಬರುತ್ತಿದೆ. ವಲ್ಕನ್ (ಆಟಗಳು ಬಳಸುವ ಗ್ರಾಫಿಕ್ಸ್ ವ್ಯವಸ್ಥೆ) ಮಾಹಿತಿಯಲ್ಲಿ ಕಾರ್ಡ್‌ನ ಹೆಸರಿನ ಜೊತೆ ಮೆಸಾದ ರಾಡ್‌ವಿ ಡ್ರೈವರ್ ಕಾಣುತ್ತದೆ. ಸ್ಟೀಮ್‌ಗೆ ಬೇಕಾದ 32 ಬಿಟ್ ಮೆಸಾ ಕೂಡ ಇದೆ. ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ಮೂಲಕ ಡೈರೆಕ್ಟ್‌ಎಕ್ಸ್ 12 ಆಟಗಳು ತಡೆಯಿಲ್ಲದೆ ಓಡುತ್ತವೆ. ಚಿತ್ರದಲ್ಲಾಗಲಿ ವೇಗದಲ್ಲಾಗಲಿ ದೂರಿಲ್ಲ. ಡ್ರೈವರ್ ಬರೆದವರು ತಮ್ಮ ಕೆಲಸ ಮಾಡಿದ್ದಾರೆ.

ದೋಷ ಹೀಗಿದೆ. ಡೆಸ್ಕ್‌ಟಾಪ್‌ನಲ್ಲಿ ಸುಮ್ಮನಿದ್ದಾಗ ಫ್ಯಾನ್ ನಿಂತಿರುತ್ತದೆ, ಅದು ಸರಿ. ಹಗುರವಾದ ಆಟ ಅಥವಾ ಆಟದ ಮೆನು ತೆರೆದಿದ್ದಾಗ ಚಿಪ್‌ನ ಶಾಖ ನಿಧಾನವಾಗಿ 55 ಡಿಗ್ರಿ ಮುಟ್ಟುತ್ತದೆ. ಆ ಕ್ಷಣ ಮೂರೂ ಫ್ಯಾನ್‌ಗಳು ಸೊನ್ನೆಯಿಂದ ಒಮ್ಮೆಲೇ 1,600 ಆರ್‌ಪಿಎಂಗೆ ನೆಗೆಯುತ್ತವೆ, ಕೆಲವೇ ಸೆಕೆಂಡ್‌ಗಳಲ್ಲಿ ಶಾಖ 53ಕ್ಕೆ ಇಳಿಯುತ್ತದೆ, ಫ್ಯಾನ್ ಮತ್ತೆ ನಿಲ್ಲುತ್ತದೆ. ಆಟ ನಡೆಯುವಷ್ಟು ಹೊತ್ತೂ ಗುರ್ ಎಂದು ಏಳುವುದು, ನಿಲ್ಲುವುದು, ಇದೇ ನಡೆಯುತ್ತಿರುತ್ತದೆ. ಫ್ಯಾನ್ ಶುರುವಾಗುವ ಶಾಖಕ್ಕೂ ನಿಲ್ಲುವ ಶಾಖಕ್ಕೂ ನಡುವೆ ಹತ್ತು ಡಿಗ್ರಿಯಾದರೂ ಅಂತರ ಇಡಬೇಕಿತ್ತು. ನಿಮ್ಮ ವಿಬಯೋಸ್‌ನಲ್ಲಿ ಇರುವುದು ಎರಡೇ ಡಿಗ್ರಿ. ಭಾರೀ ಆಟಗಳಲ್ಲಿ ಕಾರ್ಡ್ 304 ವ್ಯಾಟ್ ಎಳೆಯುವಾಗ ಫ್ಯಾನ್ ನಿಲ್ಲುವ ಪ್ರಸಂಗವೇ ಬರುವುದಿಲ್ಲ, ಹಾಗಾಗಿ ಸ್ಟ್ರೆಸ್ ಟೆಸ್ಟ್‌ನಲ್ಲಿ ಈ ದೋಷ ಕಾಣುವುದೂ ಇಲ್ಲ. ನೀವು ಕೇಳಿದ ಸ್ಕ್ರೀನ್‌ಶಾಟ್ ಕಳಿಸಿದ್ದರೂ ಅದರಿಂದ ಏನೂ ತಿಳಿಯುತ್ತಿರಲಿಲ್ಲ. ಕಾರ್ಡ್‌ನ ಅಂಚಿನಲ್ಲಿರುವ ಸ್ವಿಚ್ ಸರಿಸಿ ಎರಡನೇ ಬಯೋಸ್‌ನಿಂದ ಶುರು ಮಾಡಿದರೂ ಫಲ ಒಂದೇ.

ಲಿನಕ್ಸ್‌ನಲ್ಲಿ ತಾತ್ಕಾಲಿಕ ದಾರಿ ಒಂದಿದೆ. ಬೂಟ್ ಸಾಲಿನಲ್ಲಿ ಓವರ್‌ಡ್ರೈವ್ (ಕಾರ್ಡ್‌ನ ವೇಗ, ವೋಲ್ಟೇಜ್, ಫ್ಯಾನ್ ಬದಲಿಸಲು ಬಿಡುವ ಸೌಲಭ್ಯ) ಬಿಟ್ ಆನ್ ಮಾಡಿದರೆ ಕರ್ನಲ್ ಫ್ಯಾನ್ ಕರ್ವ್‌ನ (ಯಾವ ಶಾಖಕ್ಕೆ ಎಷ್ಟು ವೇಗ ಎಂಬುದರ) ಕಡತಗಳನ್ನು ತೆರೆಯುತ್ತದೆ. ಫ್ಯಾನ್ ಪೂರ್ತಿ ನಿಲ್ಲುವ ಸೌಲಭ್ಯವನ್ನು ಅಲ್ಲಿ ಆಫ್ ಮಾಡಿದರೆ ಫ್ಯಾನ್ ಸದಾ ಕನಿಷ್ಠ ವೇಗದಲ್ಲಿ ತಿರುಗುತ್ತದೆ, ಗದ್ದಲ ನಿಲ್ಲುತ್ತದೆ. ತೊಂದರೆ ಏನೆಂದರೆ, ಈ ಸೆಟ್ಟಿಂಗ್ ಕಾರ್ಡ್‌ನಲ್ಲಿ ಉಳಿಯುವುದಿಲ್ಲ. ಪ್ರತಿ ಬೂಟ್‌ಗೂ ಒಂದು ಸರ್ವಿಸ್ ಅದನ್ನು ಮತ್ತೆ ಬರೆಯಬೇಕು. ಓವರ್‌ಡ್ರೈವ್ ಆನ್ ಇದ್ದರೆ, ಅದಕ್ಕೆ ಸಂಬಂಧಿಸದ ದೋಷ ವರದಿ ಮಾಡುವ ಮುಂಚೆ ಅದನ್ನು ಆಫ್ ಮಾಡಿ ಎಂದು ಹೊಸ ಕರ್ನಲ್‌ಗಳು ಲಾಗ್‌ನಲ್ಲೇ ಎಚ್ಚರಿಸುತ್ತವೆ. ಇತ್ತ ನಿಮ್ಮ ವಾರಂಟಿ ಷರತ್ತು ಓವರ್‌ಕ್ಲಾಕಿಂಗ್ (ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸುವುದು) ಮಾಡಿದ ಕಾರ್ಡ್‌ಗೆ ವಾರಂಟಿ ಇಲ್ಲ ಎನ್ನುತ್ತದೆ. ಫ್ಯಾನ್ ಸರಿಪಡಿಸಲು ಅದೇ ಬಿಟ್ ಮುಟ್ಟಬೇಕಾದವರ ಪಾಡು ಅತ್ತ ದರಿ, ಇತ್ತ ಪುಲಿ. ಚಿಪ್‌ನ ಕ್ಲಾಕ್ ವೇಗ, ವೋಲ್ಟೇಜ್ ಯಾವುದನ್ನೂ ಬದಲಿಸದೆ ಫ್ಯಾನ್ ಮಾತ್ರ ಬದಲಿಸಿದರೆ ವಾರಂಟಿ ಉಳಿಯುತ್ತದೆಯೇ? ಇದಕ್ಕೆ ಬರಹದಲ್ಲಿ ಉತ್ತರ ಬೇಕು.

‘ಬೇರೆ ಯಾರದಾದರೂ ವಿಂಡೋಸ್ ಯಂತ್ರಕ್ಕೆ ಹಾಕಿ ಅಪ್‌ಡೇಟ್ ಮಾಡಿಕೊಳ್ಳಿ’ ಎಂದೂ ನಿಮ್ಮ ಸಿಬ್ಬಂದಿ ಸೂಚಿಸಿದರು. ಮೂರು ಸ್ಲಾಟ್ ದಪ್ಪದ, 8 ಪಿನ್‌ನ ಪವರ್ ಕೇಬಲ್ ಒಂದಕ್ಕಿಂತ ಹೆಚ್ಚು ಕೇಳುವ ಕಾರ್ಡ್ ಇದು. ಕಂಡಕಂಡ ಕ್ಯಾಬಿನೆಟ್‌ಗೆ ಇದು ಹಿಡಿಸುವುದಿಲ್ಲ, ಎಲ್ಲ ಪವರ್ ಸಪ್ಲೈಗಳೂ ಇದನ್ನು ತಾಳುವುದಿಲ್ಲ. ಯಾರೋ ಅಪ್‌ಲೋಡ್ ಮಾಡಿದ ವಿಬಯೋಸ್ ಕಡತವನ್ನು ಬೇರೆ ಟೂಲ್‌ನಿಂದ ಬರೆಯುವುದು ಇನ್ನೂ ಅಪಾಯ: ಒಂದೇ ಮಾದರಿಯ ಕಾರ್ಡ್‌ಗಳಲ್ಲೂ ಮೆಮೊರಿ ಚಿಪ್‌ಗಳು ಬೇರೆ ಬೇರೆ ತಯಾರಕರದ್ದಾಗಿರಬಹುದು, ಹೊಂದದ ವಿಬಯೋಸ್ ಬಿದ್ದರೆ ಪರದೆಯೇ ಬರುವುದಿಲ್ಲ. ಯಾವ ಕಡತ ಯಾವ ಕಾರ್ಡ್‌ಗೆ ಎಂಬುದು ನಿಮಗೆ ಮಾತ್ರ ಖಚಿತವಾಗಿ ಗೊತ್ತು.

ಪರಿಹಾರ ದೊಡ್ಡದೇನೂ ಅಲ್ಲ. ಅಪ್‌ಡೇಟ್ ಪ್ರೋಗ್ರಾಂ ಅನ್ನು ಯುಇಎಫ್‌ಐ ಶೆಲ್‌ನಲ್ಲಿ (ಆಪರೇಟಿಂಗ್ ಸಿಸ್ಟಂ ಶುರುವಾಗುವ ಮುಂಚೆ ಓಡುವ ಆದೇಶ ಪರದೆಯಲ್ಲಿ) ಓಡುವ ಹಾಗೆ ಕೊಡಿ. ಫ್ಯಾಟ್32 ಮಾಡಿದ ಪೆನ್‌ಡ್ರೈವ್‌ಗೆ ಹಾಕಿ, ಅದರಿಂದ ಬೂಟ್ ಮಾಡಿ, ಕಾರ್ಡ್‌ನ ಗುರುತು ಮತ್ತು ಮೆಮೊರಿ ತಾಳೆ ನೋಡಿ ಬರೆದರೆ ಮುಗಿಯಿತು. ಡಿಸ್ಕ್‌ನಲ್ಲಿ ಯಾವ ಆಪರೇಟಿಂಗ್ ಸಿಸ್ಟಂ ಇದೆ ಎಂಬ ಪ್ರಶ್ನೆಯೇ ಬರುವುದಿಲ್ಲ. ಮದರ್‌ಬೋರ್ಡ್‌ಗಳ ಬಯೋಸ್ ಅನ್ನು ಪೆನ್‌ಡ್ರೈವ್‌ನಿಂದ ಅಪ್‌ಡೇಟ್ ಮಾಡುವುದು ಎಷ್ಟೋ ವರ್ಷಗಳಿಂದ ನಡೆದುಬಂದಿದೆ.

ಇನ್ನು ಡಬ್ಬದ ಮೇಲಿನ ‘ಲಿನಕ್ಸ್’ ಎಂಬ ಒಂಟಿ ಪದದ ಬಗ್ಗೆ. ಈ ಚಿಪ್ 2025ರ ಮಾರ್ಚ್‌ನಲ್ಲಿ ಮಾರುಕಟ್ಟೆಗೆ ಬಂತು. ಉಬುಂಟು 24.04 ಮೊದಲು ಬಂದಾಗ ಇದ್ದದ್ದು ಕರ್ನಲ್ 6.8, ಡೆಬಿಯನ್ 12ರಲ್ಲಿ 6.1. ಇವುಗಳಿಗೆ ಈ ಚಿಪ್‌ನ ಪರಿಚಯವೇ ಇಲ್ಲ. ಪರದೆ ಬರುತ್ತದೆ, ಆದರೆ ಒಂದೇ ರೆಸಲ್ಯೂಷನ್‌ನಲ್ಲಿ, ಎಲ್‌ಎಲ್‌ವಿಎಂಪೈಪ್ ಮೂಲಕ, ಎಂದರೆ ಚಿತ್ರ ಬಿಡಿಸುವ ಕೆಲಸವನ್ನೆಲ್ಲ ಸಿಪಿಯು ಮಾಡುತ್ತಿರುತ್ತದೆ. ಕರ್ನಲ್ ಹೊಸದಾಗಿದ್ದು ಫರ್ಮ್‌ವೇರ್ ಹಳೆಯದಾದರೆ ಅವಸ್ಥೆ ಬೇರೆ: ಬೂಟ್ ಮೆನು ದಾಟಿದೊಡನೆ ಪರದೆ ಕಪ್ಪು, ಲಾಗ್‌ನಲ್ಲಿ ಫರ್ಮ್‌ವೇರ್ ಲೋಡ್ ವಿಫಲ, ದೋಷ ಸಂಖ್ಯೆ ಮೈನಸ್ 2, ಅಂದರೆ ಕಡತವೇ ಸಿಗಲಿಲ್ಲ ಎಂದು. ಫರ್ಮ್‌ವೇರ್ ಹಾಕಿದ ಮೇಲೂ ಇನಿಟ್‌ರಾಮ್‌ಎಫ್‌ಎಸ್ (ಬೂಟ್‌ನ ಆರಂಭದಲ್ಲಿ ಕರ್ನಲ್ ಬಳಸುವ ಕಡತಗಳ ಕಟ್ಟು) ಮತ್ತೆ ಕಟ್ಟದಿದ್ದರೆ ಅದೇ ಕಪ್ಪು ಪರದೆ. ಫ್ಲಾಟ್‌ಪ್ಯಾಕ್‌ನ (ಡಿಸ್ಟ್ರೋದಿಂದ ಪ್ರತ್ಯೇಕವಾಗಿ ಆ್ಯಪ್ ಹಾಕುವ ವಿಧಾನದ) ಸ್ಟೀಮ್ ತನ್ನದೇ ಮೆಸಾ ಇಟ್ಟುಕೊಂಡಿರುತ್ತದೆ, ಹಾಗಾಗಿ ಡಿಸ್ಟ್ರೋದ ಮೆಸಾ ಹೊಸದಾದರೂ ಫ್ಲಾಟ್‌ಪ್ಯಾಕ್ ರನ್‌ಟೈಮ್ ಬೇರೆಯಾಗಿ ಅಪ್‌ಡೇಟ್ ಆಗಬೇಕು. ಇದೆಲ್ಲ ಗೊತ್ತಿಲ್ಲದವರು ಕಾರ್ಡ್ ಸತ್ತಿದೆ ಎಂದುಕೊಂಡು ನಿಮಗೇ ಹಿಂತಿರುಗಿಸುತ್ತಾರೆ. ‘ಕರ್ನಲ್ 6.12, ಮೆಸಾ 25.0 ಅಥವಾ ನಂತರದ್ದು’ ಎಂಬ ಒಂದು ಸಾಲು ಅಚ್ಚು ಹಾಕಿಸಿದ್ದರೆ ನಿಮ್ಮ ಸಾಗಣೆ ಖರ್ಚೂ ಉಳಿಯುತ್ತಿತ್ತು.

ಎಚ್‌ಡಿಎಂಐ ವಿಚಾರವೂ ಹಾಗೆಯೇ. ಡಬ್ಬ ಎಚ್‌ಡಿಎಂಐ 2.1 ಎನ್ನುತ್ತದೆ. ಕರ್ನಲ್‌ನ ಮುಕ್ತ ಡ್ರೈವರ್‌ಗೆ ಅದನ್ನು ಸೇರಿಸುವ ಪ್ರಸ್ತಾವವನ್ನು ಆ ಮಾನದಂಡ ರೂಪಿಸುವ ಎಚ್‌ಡಿಎಂಐ ಫೋರಂ 2024ರಲ್ಲಿ ಒಪ್ಪಲಿಲ್ಲ. ಹೀಗಾಗಿ ಮೇಲೆ ಹೇಳಿದ ಕರ್ನಲ್‌ನಲ್ಲಿ ಆ ಪೋರ್ಟ್ 2.0ರ ಮಟ್ಟದಲ್ಲೇ, ಸೆಕೆಂಡಿಗೆ 18 ಗಿಗಾಬಿಟ್‌ನಲ್ಲೇ ನಿಲ್ಲುತ್ತದೆ. 4ಕೆ 120 ಹರ್ಟ್ಸ್ ಬೇಕೆಂದರೆ ಬಣ್ಣದ ಮಾಹಿತಿಯನ್ನು 4:2:0ಕ್ಕೆ ಇಳಿಸಬೇಕು, ಸಣ್ಣ ಅಕ್ಷರಗಳ ಅಂಚು ಕಲಸಿಹೋಗುತ್ತದೆ. ಡಿಸ್‌ಪ್ಲೇಪೋರ್ಟ್‌ಗೆ ಈ ಅಡ್ಡಿ ಇಲ್ಲ. ಇದು ನಿಮ್ಮ ತಪ್ಪಲ್ಲ, ಒಪ್ಪುತ್ತೇನೆ. ಆದರೆ ಟಿವಿಗೆ ಜೋಡಿಸಲೆಂದೇ ಕೊಳ್ಳುವವರಿಗೆ ಈ ವಿಷಯ ಕೊಳ್ಳುವ ಮುಂಚೆ ತಿಳಿಯಬೇಕು.

ಆದ್ದರಿಂದ ಮುಚ್ಚಿದ ಟಿಕೆಟ್ ಅನ್ನು ಮತ್ತೆ ತೆರೆಯಿರಿ. ಯುಇಎಫ್‌ಐ ಶೆಲ್‌ನ ಅಪ್‌ಡೇಟ್ ಕೊಡಿ; ಅದು ತಡವಾಗುವುದಾದರೆ ಹೊಸ ವಿಬಯೋಸ್ ಹಾಕಿದ ಕಾರ್ಡ್ ಅನ್ನು ಬದಲಿಯಾಗಿ ಕಳಿಸಿ, ಎರಡೂ ಕಡೆಯ ಸಾಗಣೆ ಖರ್ಚು ನಿಮ್ಮದೇ ಆಗಿರಲಿ. ಓವರ್‌ಡ್ರೈವ್ ಮತ್ತು ವಾರಂಟಿಯ ಪ್ರಶ್ನೆಗೆ ಉತ್ತರಿಸಿ. ಇವು ಯಾವುದೂ ಆಗದಿದ್ದರೆ ಕಾರ್ಡ್ ವಾಪಸ್ ಪಡೆದು ಪೂರ್ತಿ ಹಣ ಹಿಂತಿರುಗಿಸಿ, ಡಬ್ಬದಿಂದ ‘ಲಿನಕ್ಸ್’ ಎಂಬ ಪದವನ್ನು ತೆಗೆಯಿರಿ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಬೂಟ್‌ನಿಂದ ಆಟ ಮುಗಿಯುವವರೆಗಿನ ಕರ್ನಲ್ ಲಾಗ್, ಸೆಕೆಂಡಿಗೊಮ್ಮೆ ದಾಖಲಾದ ಶಾಖ ಮತ್ತು ಫ್ಯಾನ್ ವೇಗದ ಪಟ್ಟಿ, ಎರಡೂ ಸ್ವಿಚ್ ಸ್ಥಾನಗಳಲ್ಲಿನ ವಿಬಯೋಸ್ ಆವೃತ್ತಿ, ಡಬ್ಬದ ಹಿಂಬದಿಯ ಚಿತ್ರ, ಖರೀದಿ ರಸೀದಿಯ ಪ್ರತಿ.