ಕಡಲಾಮೆಗೆ ಗಂಡು ಹುಡುಕುವ ಕತೆ

ಪ್ರೀತಿಯ ತಂಗಿ,

ನಿನ್ನ ಕತೆ ಮೊನ್ನೆ ಸಂಜೆ ಓದಿದೆ. ನಾಲ್ಕನೇ ಪುಟದಲ್ಲಿ ಎಷ್ಟು ಜೋರಾಗಿ ನಕ್ಕೆ ಅಂದರೆ, ಅಡುಗೆಮನೆಯಿಂದ "ಏನಾಯ್ತು?" ಎಂದು ಕೂಗು ಬಂತು. 2085ನೇ ಇಸವಿ. ಮೊಟ್ಟೆ ಇಡಲು ಬಂದ ಕಡಲಾಮೆ. ಅದು ಹುಟ್ಟಿದ ಜಾಗದಲ್ಲಿ ಈಗ ರೆಸಾರ್ಟ್. ಬಾಗಿಲಲ್ಲಿ ನಿಂತ ರೋಬೋಟ್ "ಮೇಡಂ, ಆಧಾರ್ ಕಾರ್ಡ್ ಕೊಡಿ" ಅನ್ನುತ್ತದೆ. ಆ ಪುಟವನ್ನು ಮುಟ್ಟಬೇಡ, ಹಾಗೇ ಇರಲಿ.

ಒಂಬತ್ತನೇ ಪುಟಕ್ಕೆ ಬರುವಷ್ಟರಲ್ಲಿ ಅದೇ ಆಮೆ ವಿಧಾನಸೌಧದ ಮೆಟ್ಟಿಲು ಹತ್ತಿ ಭಾಷಣ ಶುರು ಮಾಡಿತು. ಮೂರು ಪುಟ, ಮಾರಾಯ್ತಿ! ಪ್ಲಾಸ್ಟಿಕ್ಕು, ತಾಪಮಾನ, ಮನುಷ್ಯನ ದುರಾಸೆ, ಯಾವುದನ್ನೂ ಬಿಡಲಿಲ್ಲ. ಅಲ್ಲಿ ನನಗೆ ಆಮೆ ಕಾಣಲೇ ಇಲ್ಲ. ಚಿಪ್ಪು ಹೊದ್ದುಕೊಂಡು ನಿಂತ ನೀನು ಕಂಡೆ.

ಬೇಜಾರು ಮಾಡಿಕೊಳ್ಳಬೇಡ. ನನ್ನ ಮೊದಲ ಕತೆಯಲ್ಲಿ ಒಂದು ತಿಮಿಂಗಿಲ ಇತ್ತು. ನಮ್ಮ ಅಕ್ಕ ಓದಿ, "ತಿಮಿಂಗಿಲ ಚೆನ್ನಾಗಿದೆ ಕಣೋ, ಕೊನೆಯಲ್ಲಿ ಬರುವ ಹೆಡ್ಮಾಸ್ಟರು ಯಾರು?" ಎಂದು ಕೇಳಿದಳು. ಆ ಕತೆಯಲ್ಲಿ ಹೆಡ್ಮಾಸ್ಟರೇ ಇರಲಿಲ್ಲ.

ನೀನು ನಗುವನ್ನು ಹೊರಗಿನಿಂದ ತರುತ್ತಿದ್ದೀಯ, ಆಧಾರ್ ಕಾರ್ಡಿನ ಹಾಗೆ. ಅದೂ ಬೇಕು. ಆದರೆ ಆಮೆಯ ಬದುಕಿನಲ್ಲೇ ಅದಕ್ಕಿಂತ ಒಳ್ಳೆಯ ಸರಕಿದೆ. ನೋಡು, ಹೆಣ್ಣಾಮೆ ಭೂಮಿಯ ಕಾಂತಶಕ್ತಿಯನ್ನು ಗುರುತು ಹಿಡಿದು, ವರ್ಷಗಟ್ಟಲೆ ಕಡಲು ಸುತ್ತಿ, ತಾನು ಹುಟ್ಟಿದ ಕರಾವಳಿಗೇ ಮೊಟ್ಟೆ ಇಡಲು ವಾಪಸು ಬರುತ್ತದೆ. ಅಂದರೆ ಹೆರಿಗೆಗೆ ತವರಿಗೆ ಬರುವ ಮಗಳು! ತವರುಮನೆ ಇದ್ದ ಕಡೆ ತಡೆಗೋಡೆಯ ಕಲ್ಲು ಬಿದ್ದಿದ್ದರೆ ಆ ಮಗಳು ಏನು ಮಾಡಬೇಕು? ಗಂಡಾಮೆಗಂತೂ ಮರಳು ತುಳಿಯುವ ಯೋಗ ಸಾಮಾನ್ಯವಾಗಿ ಒಂದೇ ಸಲ, ಮೊಟ್ಟೆಯೊಡೆದು ನೀರಿಗೆ ಓಡುವ ದಿನ. ಆಮೇಲೆ ಜೀವಮಾನವಿಡೀ ಕಡಲು. ಇಂಥ ಅಪ್ಪನ ಬಾಯಲ್ಲಿ ಊರಿನ ನೆನಪು ಹೇಳಿಸು, ಎರಡೇ ಸಾಲು ಸಾಕು.

ಇನ್ನೂ ಇದೆ. ಕಡಲಾಮೆಯ ಮರಿ ಗಂಡೋ ಹೆಣ್ಣೋ ಎಂದು ತೀರ್ಮಾನಿಸುವುದು ಮರಳಿನ ಬಿಸಿ. 29 ಡಿಗ್ರಿ ಆಸುಪಾಸಿನಲ್ಲಿ ಎರಡೂ ಬೆರಕೆ. ತಂಪಾದರೆ ಗಂಡು ಜಾಸ್ತಿ, ಬಿಸಿಯಾದರೆ ಹೆಣ್ಣು ಜಾಸ್ತಿ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರ ಭಾಗದ ಹಸಿರು ಕಡಲಾಮೆಗಳ ಲೆಕ್ಕ 2018ರಲ್ಲಿ ಹೊರಬಂತು. ಎಳೆಯ ಆಮೆಗಳಲ್ಲಿ ಶೇ. 99ಕ್ಕಿಂತ ಜಾಸ್ತಿ ಹೆಣ್ಣು! ಈಗ ನಮ್ಮ ಕಡೆ ಅಡಿಕೆ ತೋಟದ ಹುಡುಗರಿಗೆ ಹೆಣ್ಣು ಸಿಗುವುದಿಲ್ಲ ಎಂದು ಅಪ್ಪ ಅಮ್ಮ ಗೋಳಾಡುತ್ತಾರೆ, ಅಲ್ವಾ? ನಿನ್ನ 2085ರ ಕಡಲಲ್ಲಿ ಅದು ತಿರುವುಮುರುವು. ಒಬ್ಬ ಮದುವೆ ದಲ್ಲಾಳಿ ಏಡಿ ಬರಲಿ. ಕೊಂಡಿಯಲ್ಲಿ ಜಾತಕದ ಕಟ್ಟು. "ಹುಡುಗ ತಂಪು ಮರಳಿನವನು, ಒಳ್ಳೆ ಮನೆತನ" ಎಂದು ಹೇಳಿಕೊಂಡು ತಿರುಗಲಿ. ತಾಪಮಾನ ಏರಿಕೆ ಎಂಬ ಪದವನ್ನು ನೀನು ಎಲ್ಲೂ ಬರೆಯಬೇಕಾಗಿಲ್ಲ. ಗೂಡಿಗೆ ನೆರಳು ಕಟ್ಟಿ, ನೀರು ಚಿಮುಕಿಸಿ ಮರಳು ತಂಪಿಡುವುದನ್ನು ಜನ ಈಗಲೇ ಕೆಲವು ಕಡೆ ಮಾಡುತ್ತಿದ್ದಾರೆ. ಅದನ್ನೇ ಸ್ವಲ್ಪ ಎಳೆದರೆ ನಿನ್ನ ಯಂತ್ರ ಸಿಕ್ಕಿತು: ವರ ತಯಾರಿಸುವ ಫ್ರಿಜ್ಜು.

ಆಕ್ಟೋಪಸ್ ಮಂತ್ರಿಯನ್ನು ಈಜು ಪಂದ್ಯದಲ್ಲಿ ಗೆಲ್ಲಿಸಿದ್ದೀಯ. ತಪ್ಪು. ಅದಕ್ಕೆ ಮೂರು ಹೃದಯ. ಈಜುವಾಗ ಅದರಲ್ಲಿ ಒಂದು ನಿಂತೇ ಹೋಗುತ್ತದೆ, ಬೇಗ ಸುಸ್ತಾಗುತ್ತದೆ. ಅದಕ್ಕೇ ಅದಕ್ಕೆ ತೆವಳುವುದೇ ಇಷ್ಟ. ನರಕೋಶಗಳಲ್ಲಿ ಮೂರನೇ ಎರಡು ಭಾಗ ತೋಳುಗಳಲ್ಲೇ ಇವೆ. ಮಂತ್ರಿ ಒಂದು ಫೈಲಿಗೆ ಸಹಿ ಹಾಕುವ ಮೊದಲು ಎಂಟು ತೋಳುಗಳ ಅಭಿಪ್ರಾಯ ಕೇಳಬೇಕು. ಇದು ನಮ್ಮ ಸರ್ಕಾರಿ ಕಚೇರಿಗಿಂತ ಬೇರೆ ಅಲ್ಲ ಬಿಡು.

ನನಗೆ ನಿಜಕ್ಕೂ ತಕರಾರು ಇರುವುದು ನಿನ್ನ ತಂಡೇಲನ ಬಗ್ಗೆ, ಅದೇ, ಮೀನು ಬೋಟು ನಡೆಸುವ ಮುಖ್ಯಸ್ಥ. ದಪ್ಪ ಮೀಸೆ, ಕೆಂಪು ಕಣ್ಣು, ಆಮೆ ಕಂಡರೆ ಹಲ್ಲು ಕಡಿಯುತ್ತಾನೆ. ಅಂಥವನನ್ನು ನಾನು ಬಂದರಿನಲ್ಲಿ ನೋಡಿಲ್ಲ. ನಾನು ನೋಡಿದವನು ಬಲೆಗೆ ಬಿದ್ದ ಆಮೆಯನ್ನು ಕೂರ್ಮಾವತಾರ ಎಂದು ಕೈಮುಗಿದು ನೀರಿಗೆ ಬಿಟ್ಟ. ಆಮೇಲೆ ಹರಿದ ಬಲೆ ನೋಡಿ ಅದೇ ಅವತಾರಕ್ಕೆ ಅರ್ಧ ಗಂಟೆ ಬೈದ. ಈ ಮನುಷ್ಯನನ್ನು ಬರೆ. ಜೂನ್ 1ರಿಂದ ಜುಲೈ 31ರ ತನಕ ನಮ್ಮ ಕರಾವಳಿಯಲ್ಲಿ ಮೀನುಗಾರಿಕೆಗೆ ನಿಷೇಧ, ಯಾಂತ್ರಿಕ ಬೋಟುಗಳು ದಡದಲ್ಲೇ ಇರುತ್ತವೆ. ಹೊರಗೆ ಮಳೆ, ಒಳಗೆ ಬಲೆ ನೇಯುತ್ತ ಕೂತವರ ಹರಟೆ. ನಿನ್ನ ರೋಬೋಟನ್ನು ಅಲ್ಲಿ ತಂದು ಕೂರಿಸು, ಅವರೇ ಅದಕ್ಕೆ ಅಡ್ಡಹೆಸರು ಇಡುತ್ತಾರೆ.

ಬಲೆ ಅಂದಾಗ ನೆನಪಾಯಿತು. ಹತ್ತಿ, ಸೆಣಬಿನ ಬಲೆ ಕಡಲಲ್ಲಿ ಕಳೆದರೆ ಕೊಳೆತು ಹೋಗುತ್ತಿತ್ತು. ನೈಲಾನ್ ಬಲೆ ಕೊಳೆಯುವುದಿಲ್ಲ. ಯಜಮಾನ ಇಲ್ಲದಿದ್ದರೂ ಅದು ವರ್ಷಗಟ್ಟಲೆ ಮೀನು ಹಿಡಿಯುತ್ತಲೇ ಇರುತ್ತದೆ, ಕೂಲಿ ಕೇಳದೆ, ರಜೆ ಕೇಳದೆ. ಸಾಯಲು ಗೊತ್ತಿಲ್ಲದ ಇಂಥ ಆಳು ನಿನ್ನ ಕತೆಯ ದೆವ್ವ ಆಗಬಹುದು. ಖಳನಾಯಕ ಬೇಕೇ ಬೇಕು ಅಂದರೆ ತಂಡೇಲನನ್ನು ಬಿಟ್ಟು ಇದನ್ನು ಹಿಡಿ.

ವಿಜ್ಞಾನವನ್ನು ಎಷ್ಟು ಸುಳ್ಳು ಮಾಡಬಹುದು ಎಂದು ಕೇಳಿದ್ದೀಯ. ಯಂತ್ರ, ಇಸವಿ, ಮಾತಾಡುವ ಏಡಿ, ಇವುಗಳ ವಿಷಯದಲ್ಲಿ ಮನಸ್ಸು ಬಂದಷ್ಟು ಬಿಡು. ಪ್ರಾಣಿಯ ಮೈಯ ವಿಷಯದಲ್ಲಿ ಬೇಡ. ನಾನು ಈ ಗೆರೆ ದಾಟುವುದಿಲ್ಲ, ಬೇರೆಯವರು ದಾಟಿ ಗೆದ್ದಿರಬಹುದು.

ಫೆಬ್ರವರಿಯಲ್ಲಿ ಹೊನ್ನಾವರಕ್ಕೆ ಬಾ. ಅಲ್ಲಿನ ಟೊಂಕ ಎಂಬ ಊರಿನ ದಂಡೆಯಲ್ಲಿ ಆಮೆಯ ಗೂಡುಗಳಿಗೆ ಬೇಲಿ ಕಟ್ಟಿ ಕಾಯುತ್ತಾರೆ. ಒಂದು ಗೂಡಿನಲ್ಲಿ ನೂರರ ಹತ್ತಿರ ಮೊಟ್ಟೆ. ಮರಿಗಳು ಬೆಳಕು ಕಂಡ ಕಡೆ ಓಡುತ್ತವೆ, ಹಾಗಾಗಿ ಟಾರ್ಚು ತರಬೇಡ, ಮೊಬೈಲ್ ಚೀಲದಲ್ಲಿರಲಿ. ಕತೆಯನ್ನು ತಿದ್ದಿ ತಾ, ದಂಡೆಯ ಮೇಲೆ ಕೂತು ಓದೋಣ. ಬಂಗುಡೆ ತಿನ್ನುತ್ತೀಯೋ ಇಲ್ಲವೋ ಎರಡು ದಿನ ಮೊದಲೇ ತಿಳಿಸು, ಮನೆಯಲ್ಲಿ ಹೇಳಬೇಕು.

ನಿನ್ನ ಅಣ್ಣ