ರಂಗನಾಥನ್ ಬಗ್ಗೆ ಬರೆಯುವಾಗ: ಯುವ ಬರಹಗಾರ್ತಿಗೆ ಒಂದು ಪತ್ರ

ಪ್ರೀತಿಯ ತಂಗಿ,

ಗ್ರಂಥಪಾಲಕ ಎಸ್.ಆರ್. ರಂಗನಾಥನ್ ಬಗ್ಗೆ ನೀನು ಕಳಿಸಿದ ಲೇಖನ ಓದಿದೆ. ಆಗಸ್ಟ್ 12ರ ಗ್ರಂಥಪಾಲಕರ ದಿನಕ್ಕೆ ಅಂತ ಬರೆದಿದ್ದೀಯ, ಖುಷಿಯಾಯ್ತು. ಆದರೆ ಮೊದಲ ಪುಟದ ತುಂಬಾ ಬರೀ ಬಿರುದುಗಳೇ ಇವೆ. ಪಿತಾಮಹ, ದಾರ್ಶನಿಕ, ಯುಗಪುರುಷ. ಎಲ್ಲ ತೆಗೆದುಬಿಡು. ಈ ಮಾತುಗಳನ್ನು ಯಾರ ಬಗ್ಗೆ ಬೇಕಾದರೂ ಬರೀಬಹುದು, ಅಲ್ವಾ? ಗ್ರಂಥಪಾಲಕನ ಹೆಸರೂ ಗೊತ್ತಿಲ್ಲದ ಓದುಗನಿಗೆ ಬೇಕಾದ ಪುಸ್ತಕ ಕೈಗೆ ಸಿಗುತ್ತಲ್ಲ, ಆ ಕೆಲಸದ ಹಿರಿಮೆ ಇರೋದು ಅಲ್ಲಿ. ಹಾಗಾಗಿ ಓದುಗನ ಕಡೆ ನಿಂತು ಬರೆ.

ಬೀದರಿನವಳು ನೀನು, ಮಹಮೂದ್ ಗವಾನ್ ಮದ್ರಸಾದಿಂದ ಶುರು ಮಾಡಿದ್ದೀಯ. 1472ರ ಆ ಕಟ್ಟಡ, ಅಲ್ಲಿದ್ದ ಪುಸ್ತಕ ಭಂಡಾರ ನಮಗೆಲ್ಲ ಹೆಮ್ಮೆಯೇ. ಆದರೆ ಅದಕ್ಕೆ ಬೇರೆ ಲೇಖನ ಬರಿ. ಇಲ್ಲಿಟ್ಟರೆ ರಂಗನಾಥನ್ ಬರೋದೇ ತಡ ಆಗುತ್ತೆ.

ನೀನು ಒಂದೇ ಸಾಲಲ್ಲಿ ಮುಗಿಸಿದ ಜಾಗ ಇದೆಯಲ್ಲ, ಅಲ್ಲಿ ಜಾಸ್ತಿ ಹೊತ್ತು ನಿಲ್ಲು. ಅವರು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಮೊದಲ ಗ್ರಂಥಪಾಲಕರಾದರು, ಆದರೆ ಆ ಒಂಟಿ ಕೆಲಸ ಸಾಕಾಗಿ ಸ್ವಲ್ಪ ದಿನಕ್ಕೇ 'ಪಾಠ ಮಾಡೋಕೆ ವಾಪಸ್ ಕಳಿಸಿ' ಅಂತ ಕೇಳಿಕೊಂಡರು. 'ಮೊದಲು ಲಂಡನ್ನಿಗೆ ಹೋಗಿ ಕಲಿತು ಬನ್ನಿ, ಆಮೇಲೂ ಬೇಡ ಅನಿಸಿದರೆ ನೋಡೋಣ' ಅಂದರು ಮೇಲಿನವರು. ಲೈಬ್ರರಿ ಅಂದರೆ ಊರಿನ ಎಲ್ಲರಿಗೂ ಬಳಕೆಗೆ ಬರೋದು ಅನ್ನೋದನ್ನು ರಂಗನಾಥನ್ ಅಲ್ಲಿ ಕಣ್ಣಾರೆ ನೋಡಿದರು. ತಿರುಗಿ ಬಂದವರು ಪಾಠದ ಕಡೆ ಹೋಗಲೇ ಇಲ್ಲ. ಓದುಗರೇ ಕಪಾಟಿನ ಹತ್ತಿರ ಹೋಗಿ ಪುಸ್ತಕ ತೆಗೆದು ನೋಡೋ ಹಾಗೆ ಮಾಡಿದರು. 1931ರಲ್ಲಿ ಐದು ಸೂತ್ರ ಪ್ರಕಟಿಸಿದರು: ಪುಸ್ತಕ ಇರೋದು ಬಳಸೋಕೆ, ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ, ಓದುಗನ ಸಮಯ ಉಳಿಸು, ಲೈಬ್ರರಿ ಬೆಳೆಯುವ ಜೀವಿ. ಇವನ್ನು ವಿವರಿಸೋಕೆ ಹೋಗಬೇಡ, ಹಾಗೇ ಇಟ್ಟರೆ ಸಾಕು.

ಪುಸ್ತಕಗಳನ್ನು ವಿಷಯದ ಪ್ರಕಾರ ಜೋಡಿಸೋಕೆ ಅವರು ಮಾಡಿದ ಪದ್ಧತಿ ಇದೆಯಲ್ಲ, ಕೋಲನ್ ವರ್ಗೀಕರಣ, ಅದರ ಭಾಗ ಓದಿ ನನಗೇ ತಲೆಬುಡ ತಿಳಿಯಲಿಲ್ಲ. ಪರೀಕ್ಷೆ ನೋಟ್ಸ್ ಥರ ಇದೆ. ಲಂಡನ್ ಅಂಗಡಿಯೊಂದರಲ್ಲಿ ಮೆಕ್ಯಾನೋ ಆಟಿಕೆ ನೋಡಿದಾಗ ಅವರಿಗೆ ಅದು ಹೊಳೆದದ್ದು. ಅವೇ ಪಟ್ಟಿ, ಅವೇ ನಟ್ಟು, ಬೇರೆ ಬೇರೆ ಥರ ಜೋಡಿಸಿದರೆ ಬೇರೆ ಬೇರೆ ಆಟಿಕೆ. ಅದನ್ನು ಹೇಳಿ ನಮ್ಮ ತೊಗರಿ ಹಿಡಿ. ಕಲಬುರಗಿ ಸೀಮೆಯ ತೊಗರಿಗೆ ಬರುವ ಸೊರಗು ರೋಗದ ಬಗ್ಗೆ ಒಂದು ಪುಸ್ತಕ ಇದೆ ಅಂದುಕೋ. ಹಳೇ ಪದ್ಧತಿಯಲ್ಲಿ ಅದಕ್ಕೆ ಮೊದಲೇ ತಯಾರಾದ ಒಂದು ಮನೆ ಹುಡುಕಬೇಕು. ರಂಗನಾಥನ್ ವಿಷಯವನ್ನೇ ಬಿಡಿಸಿದರು. ಯಾವ ಬೆಳೆ, ಅದಕ್ಕೆ ಏನಾಗಿದೆ, ಯಾವ ಊರು, ಯಾವ ಕಾಲ. ಒಂದೊಂದಕ್ಕೂ ಒಂದು ಗುರುತು, ನಡುವೆ ಚಿಹ್ನೆ ಹಾಕಿ ಜೋಡಿಸಿದರೆ ಪುಸ್ತಕದ ಸಂಖ್ಯೆ ಆಯ್ತು. 1933ರಲ್ಲಿ ಅದು ಅಚ್ಚಾಯ್ತು. ಆಳಂದದ ರೈತನ ಮಗಳಿಗೂ ಇದು ಅರ್ಥವಾಗುತ್ತೆ, ಆಗಬೇಕು.

ಇನ್ನೊಂದು ಮಾತು, ಇದನ್ನು ಮುಚ್ಚಿಡಬೇಡ. ನಮ್ಮ ದೇಶದ ಎಷ್ಟೋ ಲೈಬ್ರರಿಗಳು ಇವತ್ತಿಗೂ ಅಮೆರಿಕದ ಡ್ಯೂಯಿ ಪದ್ಧತಿಯನ್ನೇ ಬಳಸುತ್ತವೆ. ರಂಗನಾಥನ್ ಪದ್ಧತಿ ಎಲ್ಲ ಕಡೆ ಗೆದ್ದಿತು ಅಂತ ಬರೆದರೆ ಸುಳ್ಳಾಗುತ್ತೆ. ಗೆದ್ದದ್ದು ವಿಷಯವನ್ನು ಮುಖ ಮುಖವಾಗಿ ಬಿಡಿಸೋ ಆ ಯೋಚನೆ. ಮೊಬೈಲಿನಲ್ಲಿ ಸೀರೆ ಹುಡುಕುವಾಗ ಬಣ್ಣ, ಬೆಲೆ, ಬಟ್ಟೆ ಅಂತ ಸೋಸುತ್ತೀಯಲ್ಲ, ಅದೂ ಇದೇ ದಾರಿಯದು. ಇದು ನಿನ್ನ ಲೇಖನದಲ್ಲಿ ಇಲ್ಲವೇ ಇಲ್ಲ!

ನಮ್ಮ ಕಡೆಗೆ ಅವರ ನಂಟು ಏನು ಅಂತ ಕೇಳಿದ್ದೆ. ಬಲವಂತವಾಗಿ ಗಂಟು ಹಾಕಬೇಡ. ಮದ್ರಾಸಿನ 1948ರ ಗ್ರಂಥಾಲಯ ಕಾಯ್ದೆಯ ಹಿಂದೆ ಅವರಿದ್ದರು. ಹೈದರಾಬಾದ್ ರಾಜ್ಯದ ಕಾಯ್ದೆ ಬಂದದ್ದು 1955ರಲ್ಲಿ, ಆಗ ಕಲಬುರಗಿ, ಬೀದರ್ ಎರಡೂ ಆ ರಾಜ್ಯದಲ್ಲೇ ಇದ್ದವು. ಮೈಸೂರು ರಾಜ್ಯದ್ದು 1965ರಲ್ಲಿ. ನಿಮ್ಮ ಮನೆಯ ಆಸ್ತಿ ತೆರಿಗೆ ರಸೀದಿ ತೆಗೆದು ನೋಡು, ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತೆ. ಅಪ್ಪ ಕಟ್ಟಿದ ದುಡ್ಡಲ್ಲಿ ಸ್ವಲ್ಪ ಊರಿನ ಲೈಬ್ರರಿಗೆ ಹೋಗಿದೆ. ಕಾಯ್ದೆಗಳ ಪಟ್ಟಿಗಿಂತ ಆ ಸಾಲು ಓದುಗರಿಗೆ ಬೇಗ ನಾಟುತ್ತೆ.

ಕೊನೇ ದಶಕ ಅವರು ಬೆಂಗಳೂರಿನಲ್ಲಿದ್ದರು. 1962ರಲ್ಲಿ ಅಲ್ಲಿ ಗ್ರಂಥಾಲಯ ಸಂಶೋಧನೆ, ತರಬೇತಿಗೆ ಕೇಂದ್ರ ಕಟ್ಟಿದರು, 1972ರಲ್ಲಿ ತೀರಿಕೊಂಡರು. ಇದಕ್ಕೆ ಎರಡು ಸಾಲು ಸಾಕು.

ತಿದ್ದೋಕೆ ಕೂರುವ ಮೊದಲು ಒಂದು ದಿನ ಗುಲಬರ್ಗಾ ವಿಶ್ವವಿದ್ಯಾಲಯದ ಲೈಬ್ರರಿಗೆ ಹೋಗು. ಭಾಷಣ ಮಾಡೋರನ್ನು ಬಿಡು, ಪುಸ್ತಕ ವಾಪಸ್ ಜೋಡಿಸುವವರ ಜೊತೆ ಮಾತಾಡು. ಪುಸ್ತಕದ ಬೆನ್ನಿಗೆ ಅಂಟಿಸಿದ ಆ ಸಣ್ಣ ಚೀಟಿಯ ಸಂಖ್ಯೆ ಹೇಗೆ ಓದ್ತಾರೆ, ತಪ್ಪು ಜಾಗದಲ್ಲಿಟ್ಟ ಪುಸ್ತಕ ಹೇಗೆ ಹುಡುಕ್ತಾರೆ ಅಂತ ಕೇಳು. ಅವರು ಹೇಳಿದ್ದನ್ನು ಅವರ ಮಾತಲ್ಲೇ ಬರೆದುಕೋ. ಲೇಖನ ಅಲ್ಲಿಂದ ಶುರುವಾಗಲಿ. ಆಗಸ್ಟ್ ಮೊದಲ ವಾರದೊಳಗೆ ಕಳಿಸಿದರೆ ನಾನು ಕೂತು ಓದಿ ಹೇಳ್ತೀನಿ.

ನಿನ್ನ ಅಣ್ಣ,
ಕಲಬುರಗಿ