ದೂರು: 1982ರ ಧೂಳನ್ನು ಕಾಯಿಲೆ ಎಂದು ಬರೆದು ಕ್ಲೇಮ್ ತಿರಸ್ಕರಿಸಿದ ಬಗ್ಗೆ

ಕುಂದುಕೊರತೆ ವಿಭಾಗದ ಅಧಿಕಾರಿಗಳಿಗೆ,

ಸೋಮವಾರಪೇಟೆ ಕಡೆಯ ಸಣ್ಣ ಕಾಫಿ ಬೆಳೆಗಾರ ನಾನು. 2017ರಿಂದ ಒಂದು ಕಂತೂ ತಪ್ಪಿಸದೆ ನಿಮ್ಮ ಆರೋಗ್ಯ ವಿಮೆ ಕಟ್ಟುತ್ತಿದ್ದೇನೆ. ಈಗ ನನಗೆ ಮೀಸೋಥೀಲಿಯೋಮ. ಕಲ್ನಾರಿನ (ಆಸ್ಬೆಸ್ಟಾಸ್) ಧೂಳಿನಿಂದ ಶ್ವಾಸಕೋಶದ ಹೊರಪೊರೆಗೆ ಬರುವ ಕ್ಯಾನ್ಸರ್. ಮೈಸೂರಿನಲ್ಲಿ ಎದೆಯ ನೀರು ತೆಗೆಸಿ, ಬಯಾಪ್ಸಿ ಆಗಿ, ಕೀಮೋ ಶುರುವಾದ ಮೇಲೆ ‘ಪಾಲಿಸಿಗೆ ಮುಂಚೆಯೇ ಇದ್ದ ಕಾಯಿಲೆ’ ಎಂದು ಕ್ಲೇಮ್ ತಿರಸ್ಕರಿಸಿದ್ದೀರಿ.

ಫೋನಿನಲ್ಲಿ ಮರ್ಯಾದೆಯಿಂದ ಕೇಳಿ ಸಾಕಾಗಿದೆ. ಕೊನೆಯ ಕರೆಯನ್ನು ರೆಕಾರ್ಡ್ ಮಾಡಿದ್ದೀರಂತೆ, ತೆಗೆದು ಕೇಳಿ.

“ಸರ್, 1982ರಲ್ಲಿ ಮುಂಬೈಯ ಆಸ್ಬೆಸ್ಟಾಸ್ ಶೀಟ್ ಫ್ಯಾಕ್ಟರಿಗೆ ಸೇರಿದ್ದು ನಿಜ ತಾನೇ?”

“ನಿಜ. ಶೀಟ್ ಕೊಯ್ಯುವ ಕೆಲಸ.”

“ಹಾಗಾದ್ರೆ ಕಾಯಿಲೆ ಆಗಲೇ ಇತ್ತು.”

“ಆಗ ಇದ್ದದ್ದು ಧೂಳಮ್ಮ. ಕಾಯಿಲೆ ಇದ್ದಿದ್ದರೆ ಯಾವ ಡಾಕ್ಟರು ಹೇಳಿದ್ದರು?”

“ತೋರಿಸಿಲ್ಲ ಅಂದ್ರೆ ಇರಲಿಲ್ಲ ಅಂತ ಅಲ್ಲ ಸರ್. ಸಿಗರೇಟ್?”

“ಇಲ್ಲ.”

“ಮೊದಲು?”

“ಇಲ್ಲ. ಇದು ಸಿಗರೇಟಿನಿಂದ ಬರುವುದೂ ಅಲ್ಲ.”

“ಡ್ರಿಂಕ್ಸ್? ಕೊಡಗಿನವರಲ್ವಾ ಸರ್, ಸ್ವಲ್ಪನಾದ್ರೂ...”

ನನಗೆ ಕೆಮ್ಮು ಬಂತು. ಕೆಮ್ಮಿ ಮುಗಿಯುವವರೆಗೆ ನಿಮ್ಮ ಸಂಗೀತ ಕೇಳಿಸಿದರು. ಆಮೇಲೆ, “ಸರ್, ಸ್ವಲ್ಪ ಜೋರಾಗಿ ಮಾತಾಡಿ, ಕೇಳಿಸ್ತಿಲ್ಲ.” ಪಕ್ಕದಲ್ಲಿ ಮಗಳು ಕೂತಿದ್ದಳು. ಜೋರಾಗಿ ಮಾತಾಡುವ ಪುಪ್ಪುಸ ಇದ್ದಿದ್ದರೆ ನಾನೇಕೆ ನಿಮಗೆ ಫೋನ್ ಮಾಡುತ್ತಿದ್ದೆ? ಕೊನೆಗೆ, ಈ ಸೇವೆಗೆ ಐದರಲ್ಲಿ ಎಷ್ಟು ಅಂಕ ಎಂದೂ ಕೇಳಿದರು. ಸೊನ್ನೆ ಒತ್ತಿದೆ. ‘ಅಮಾನ್ಯ ಆಯ್ಕೆ’ ಎಂದಿತು.

ನಿಯಮ ನಿಮಗೆ ಗೊತ್ತಿರುವುದೇ. ಪಾಲಿಸಿಗೆ ಮುಂಚಿನ 36 ತಿಂಗಳಲ್ಲಿ ವೈದ್ಯರು ಗುರುತಿಸಿದ್ದರೆ ಅಥವಾ ಚಿಕಿತ್ಸೆಗೆ ಹೇಳಿದ್ದರೆ ಮಾತ್ರ ಅದು ಮುಂಚೆ ಇದ್ದ ಕಾಯಿಲೆ. 60 ತಿಂಗಳು ಸತತವಾಗಿ ಕಂತು ಕಟ್ಟಿದವನ ಮೇಲೆ, ವಂಚನೆ ಸಾಬೀತಾಗದೆ, ‘ಮುಚ್ಚಿಟ್ಟೆ’ ಎಂಬ ಆರೋಪವೂ ನಿಲ್ಲುವುದಿಲ್ಲ. ಕಲ್ನಾರಿನ ಧೂಳು ಹೊಕ್ಕು ಹತ್ತಾರು ವರ್ಷವಾದ ಮೇಲೆ ಈ ಕಾಯಿಲೆ ತಲೆ ಎತ್ತುತ್ತದೆ. ಕಲ್ನಾರು ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕಡೇಪಕ್ಷ 40 ವರ್ಷ ಇಡಬೇಕೆಂದು 1995ರಲ್ಲೇ ಸುಪ್ರೀಂ ಕೋರ್ಟು ಹೇಳಿತು. ನಿಮ್ಮ ವೈದ್ಯಕೀಯ ತಜ್ಞರಿಗೆ ಸುದ್ದಿ ಇನ್ನೂ ಮುಟ್ಟಿರಲಿಕ್ಕಿಲ್ಲ, ಮಳೆಗಾಲವಲ್ಲವೇ.

ಆ ಧೂಳಿನ ಬಟ್ಟೆ ಕೊಡವಿ ಒಗೆದವಳು ನನ್ನ ಹೆಂಡತಿ. ಅದೇ ಪಾಲಿಸಿಯಲ್ಲಿ ಅವಳ ಹೆಸರೂ ಇದೆ. ನಿಮ್ಮ ಲೆಕ್ಕದಲ್ಲಿ ಅವಳೂ 1982ರಿಂದ ರೋಗಿಯೇ? ಹಾಗಿದ್ದರೆ ಅವಳ ಹೆಸರಲ್ಲಿ ಪ್ರತಿವರ್ಷ ಕಂತು ತೆಗೆದುಕೊಂಡದ್ದು ಯಾವುದಕ್ಕೆ?

ತಿರಸ್ಕಾರ ವಾಪಸ್ ಪಡೆದು ಪೂರ್ತಿ ಬಿಲ್ ಕೊಡಿ. ಕೊಡದಿದ್ದರೆ, ಒಂದು ತಿಂಗಳಾದ ಮರುದಿನವೇ, ವಿಮೆಯ ದೂರುಗಳನ್ನು ತೀರ್ಮಾನಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ದೂರು ಹೋಗುತ್ತದೆ, ಅರ್ಜಿ ತುಂಬಿಸಿಟ್ಟಿದ್ದೇನೆ. ಅಲ್ಲಿಗೂ ನಿಲ್ಲುವುದಿಲ್ಲ. ನಿಮ್ಮ ಏಜೆಂಟ್ ಪ್ರತಿವರ್ಷ ನಮ್ಮ ಸಹಕಾರ ಸಂಘದ ಮಹಾಸಭೆಗೆ ಬಂದು, ಊಟಕ್ಕೆ ಮುಂಚೆ ಪಾಲಿಸಿ ಹಂಚುತ್ತಾರೆ. ಈ ಸಲ ಅವರಿಗಿಂತ ಮೊದಲು ಮೈಕು ನನ್ನ ಕೈಯಲ್ಲಿರುತ್ತದೆ. ಉಸಿರು ಸಾಲದಿದ್ದರೆ ಉಳಿದದ್ದನ್ನು ಮಗಳು ಓದುತ್ತಾಳೆ, ಅವಳ ದನಿ ಬೇಕಾದಷ್ಟು ಜೋರಾಗಿದೆ.

ಇಂತಿ,
ನಿಮ್ಮ ಪಾಲಿಸಿದಾರ